ನಲ್ಲಿ ರಿಪೇರಿಯವನ ಫೋನು

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಕಿಂಡಿ ಮೇಡಂ ಎಂದೇ ಕರೆಯುವುದು. ಬೆನ್ನ ಹಿಂದೆಯೂ ಅಷ್ಟೇ, ಎದುರಿಗೂ ಅಷ್ಟೇ. ಮಾತನ್ನು ಯಾರಿಗೂ ತಿಳಿಯದ ಹಾಗೆ ಅಂಕಿಗಳಾಗಿ ಕಲಸಿಬಿಡುವ ಲೆಕ್ಕಗಳುಂಟಲ್ಲ, ಕಂಪ್ಯೂಟರಿನ ಬೀಗಗಳು, ಅದು ಅವಳ ವಿದ್ಯೆ. ಎರಡೇ ಕೋಣೆಯ ಮನೆಯಲ್ಲಿ ಅಣ್ಣಂದಿರು, ತಂಗಿಯರು, ಅಜ್ಜಿಯ ನಡುವೆ ಬೆಳೆದವಳು. ಒಬ್ಬಳೇ ಕೂತು ಅಳುವುದಕ್ಕೂ ಜಾಗವಿರಲಿಲ್ಲ. ಮುಚ್ಚಿದ ಬಾಗಿಲಿನ ಮೇಲೆ ಅವಳಿಗೆ ಆಸೆ ಹುಟ್ಟಿದ್ದು ಆಗಲೇ.

ಆ ವಿದ್ಯೆಯವರಲ್ಲಿ ಒಂದು ರೂಢಿಯಿದೆ. ಬೀಗ ಮಾಡಿದವರು ಅದರ ಒಳಗಿನ ರಚನೆಯನ್ನೆಲ್ಲ ಊರಿಗೇ ತೋರಿಸಿ, "ಒಡೆಯಿರಿ ನೋಡೋಣ" ಎನ್ನಬೇಕು. ಮುಚ್ಚಿಡುವುದು ಕೀಲಿಯನ್ನು ಮಾತ್ರ. ಒಡೆದವರ ಮೇಲೆ ಮುನಿಸಿಕೊಳ್ಳುವಂತಿಲ್ಲ. ಹಾಗೆ ಕಂಡವರ ಬೀಗಗಳಲ್ಲೆಲ್ಲ ಕಿಂಡಿ ಹುಡುಕಿಯೇ ಅವಳು ಹೆಸರು ಮಾಡಿದ್ದು. ಮುನಿಸಿಕೊಂಡವರು ಕಡಿಮೆಯಿರಲಿಲ್ಲ ಅನ್ನಿ. "ಒಡೆಯೋಕೇನಂತೆ, ತಾನೊಂದು ಕಟ್ಟಿ ತೋರಿಸಲಿ" ಎಂದು ಮೂಗು ಮುರಿದವರೂ ಇದ್ದರು.

ಆ ಮಾತು ನಾಟಿತ್ತು. ನಲವತ್ತು ದಾಟಿದ ಮೇಲೆ ಒಂದು ಕಟ್ಟಿದಳು. ಗಂಡನ ಹೊಡೆತ ತಿನ್ನುವ ಹೆಂಗಸರಿಗಾಗಿ ಒಬ್ಬ ವಕೀಲೆ ಸಹಾಯ ಕೇಂದ್ರ ನಡೆಸುತ್ತಿದ್ದರು. ಆದರೆ ಆ ಹೆಂಗಸರಿಗೆ, ವಕೀಲೆಗೆ ಫೋನಿನಲ್ಲಿ ಬರೆದರೆ ಗಂಡನ ಕೈಗೆ ಸಿಕ್ಕಿಬೀಳುವ ಭಯ. ಇವಳು ಹವಾಮಾನ ತೋರಿಸುವ ಆ್ಯಪೊಂದರ ಹೊಟ್ಟೆಯಲ್ಲಿ ಸಹಾಯ ಕೇಳುವ ದಾರಿ ಅಡಗಿಸಿದಳು. ನೋಡಿದವರಿಗೆ ಮೋಡ, ಬಿಸಿಲು. ಒಳಗೆ ವಕೀಲೆಯ ಜೊತೆ ಮಾತು. ಯಾವ ಆ್ಯಪು ಎಂಬುದನ್ನು ಮಾತ್ರ ಹೇಳದೆ, ರೂಢಿಯಂತೆ ಬೀಗವನ್ನು ಎಲ್ಲರ ಮುಂದಿಟ್ಟಳು. ಹಳೆಯ ಸೇಡಿನವರೆಲ್ಲ ಮೇಲೆ ಬಿದ್ದು ತಡಕಾಡಿದರು, ಕಿಂಡಿ ಸಿಗಲಿಲ್ಲ. ಸೋಮವಾರದಿಂದ ಶುರು ಎಂದು ವಕೀಲೆ ಹೆಂಗಸರಿಗೆಲ್ಲ ಗುಟ್ಟಾಗಿ ಹೇಳಿಯೂ ಆಯಿತು. ಇವಳ ಕಾಲು ನೆಲದ ಮೇಲಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿದ್ದಳು. ಮಾತೇನೂ ಕೇಳಿಸದು, ಬರೀ "ಹೂಂ", ಆಮೇಲೆ ಉದ್ದಕ್ಕೆ ಮೌನ, ಮತ್ತೆ "ಹೂಂ". ಚಿಕ್ಕಮ್ಮ! ಉಸಿರು ಬಿಡದೆ ಅಷ್ಟು ಹೊತ್ತು ಮಾತಾಡುವವಳು ನೆಂಟರಲ್ಲಿ ಅವಳೊಬ್ಬಳೇ. ಅಮ್ಮನೋ, ತನ್ನ ಆ ತಂಗಿಯ ಜೊತೆ ಜಗಳವಾಡಿ, ಇನ್ನು ಈ ಜನ್ಮದಲ್ಲಿ ಅವಳ ಮುಖ ನೋಡುವುದಿಲ್ಲ ಎಂದು ಮನೆಮಂದಿಯೆದುರು ಕಡ್ಡಿ ಮುರಿದಂತೆ ಹೇಳಿದ್ದಳು.

ಬಾಗಿಲು ತೆರೆದಾಗ ಮಗಳು ಕೇಳಿದಳು, "ಯಾರಮ್ಮ ಫೋನಲ್ಲಿ?"

"ನಲ್ಲಿ ರಿಪೇರಿಯವನು."

"ಅರ್ಧ ಗಂಟೆ?"

"ನಲ್ಲಿ ತುಂಬ ಕೆಟ್ಟಿದೆ ಕಣೇ" ಎಂದು ಅಮ್ಮ ಮುಖ ತಿರುಗಿಸಿದಳು.

ಮಗಳಿಗೆ ನಗು ಉಕ್ಕಿತು. ಮರುಕ್ಷಣವೇ ಆ ನಗು ನಿಂತಿತು. ಬಾಗಿಲು ಮುಚ್ಚಿತ್ತು, ಮಾತು ಕೇಳಿಸಲಿಲ್ಲ, ಆದರೂ ಯಾರೆಂದು ಗೊತ್ತಾಯಿತಲ್ಲ! ತನ್ನ ಆ್ಯಪೂ ಹಾಗೆಯೇ. ಹವಾಮಾನ ನೋಡಿದರೆ ಇಂಟರ್ನೆಟ್ಟಿನಲ್ಲಿ ಹೋಗಿಬರುವ ಮಾಹಿತಿ ಚಿಟಿಕೆಯಷ್ಟು, ಕಷ್ಟ ಹೇಳಿಕೊಂಡರೆ ಬುಟ್ಟಿಯಷ್ಟು. ಮನೆಯ ಇಂಟರ್ನೆಟ್ಟಿನ ಮೇಲೆ ಕಣ್ಣಿಟ್ಟ ಗಂಡನಿಗೆ ಒಂದಕ್ಷರ ಓದಲಾಗದಿದ್ದರೂ, ಹೆಂಡತಿ ಅಷ್ಟು ಹೊತ್ತು ಮೋಡ ನೋಡುತ್ತಿಲ್ಲ ಎಂಬುದು ತಿಳಿದೇ ತಿಳಿಯುತ್ತದೆ. ಅವಳಿಗೆ ನಾಚಿಕೆಯಾಯಿತು. ಸುಮ್ಮನಿದ್ದರೆ ತನ್ನ ಹೆಸರು ಉಳಿಯುತ್ತಿತ್ತು; ಯಾವಳೋ ಒಬ್ಬಳ ಜೀವ ಉಳಿಯುತ್ತಿರಲಿಲ್ಲ.

ಕೂಡಲೇ ವಕೀಲೆಗೆ ಫೋನು ಮಾಡಿದಳು. "ನಾಳೆ ಬೇಡ ಮೇಡಂ. ಕಿಂಡಿ ಇದೆ."

"ಯಾರು ಹುಡುಕಿದ್ದು?"

"ನಾನೇ."

ವಕೀಲೆ ಸಿಡಿದರು. "ಅವರೆಲ್ಲ ಕಾಯ್ತಿದಾರಮ್ಮ! ಯಾವ ಮುಖ ಇಟ್ಕೊಂಡು ಹೇಳಲಿ?"

"ನನ್ನ ಹೆಸರು ಹೇಳಿ. ಬೈಯೋದಾದ್ರೆ ನನ್ನನ್ನೇ ಬೈಯಲಿ."

ಬೈದರು. ಮೂಗು ಮುರಿದಿದ್ದವರಂತೂ ಬಾಯಿ ಚಪ್ಪರಿಸಿಕೊಂಡು ಆಡಿಕೊಂಡರು. ಅವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಮತ್ತೆ ಕೆಲಸಕ್ಕೆ ಕೂತಳು. ಈಗ ಆ ಆ್ಯಪಿನಲ್ಲಿ ಯಾರು ಮೋಡ ನೋಡಲಿ, ಕಷ್ಟ ಹೇಳಿಕೊಳ್ಳಲಿ, ಫೋನು ಸುಮ್ಮನೆ ಮೇಜಿನ ಮೇಲೇ ಬಿದ್ದಿರಲಿ, ಒಂದೇ ಗಾತ್ರದ ಮಾಹಿತಿಯ ಕಟ್ಟುಗಳು ಒಂದೇ ಸಮನೆ ಹೋಗಿಬರುತ್ತವೆ. ಮಾತಿಲ್ಲದಾಗ ಕಟ್ಟಿನೊಳಗೆ ಹೊಟ್ಟು ತುಂಬಿರುತ್ತದೆ. ಕಾಳು ಯಾವುದು, ಹೊಟ್ಟು ಯಾವುದು, ಕಟ್ಟಿದವಳಿಗೂ ತಿಳಿಯದು. ಈ ಸಲ ಶುರುವಾದ ಮೇಲೆ ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದಳು. ಅಮ್ಮನ ಗುಟ್ಟನ್ನೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಕಸುಬೇ ಅದಲ್ಲವೇ.

ಕೆಲವು ತಿಂಗಳ ಮೇಲೆ, ಒಂದು ಸಂಜೆ ತರಕಾರಿ ಹೆಚ್ಚುತ್ತಿದ್ದಾಗ ವಕೀಲೆ ಫೋನು ಮಾಡಿದರು.

"ಒಬ್ಬಳು ಮಗೂನ ಕರ್ಕೊಂಡು ಬಂದುಬಿಟ್ಲು ಕಣಮ್ಮ. ಗಂಡ ದಿನಾ ಫೋನು ಜಾಲಾಡ್ತಿದ್ದನಂತೆ, ಇಂಟರ್ನೆಟ್ಟೂ ನೋಡ್ತಿದ್ದನಂತೆ. ಏನೂ ಸಿಗಲಿಲ್ಲ. ಈಗ ನನ್ನೆದುರಿಗೇ ಕೂತು ಊಟ ಮಾಡ್ತಿದಾಳೆ. ಹೆಸರು ಮಾತ್ರ ಕೇಳಬೇಡ."

"ಬೇಡ ಮೇಡಂ" ಎಂದಳು. ಆಮೇಲೆ ಅವಳ ಬಾಯಿಂದ "ಹೂಂ" ಬಿಟ್ಟರೆ ಬೇರೇನೂ ಹೊರಡಲಿಲ್ಲ.

ಒಲೆಯ ಮುಂದಿದ್ದ ಅಮ್ಮ ತಿರುಗಿ ನೋಡಿದಳು. "ಯಾರೇ ಅದು, ಅಷ್ಟು ಹೊತ್ತು? ಕಣ್ಣಲ್ಲಿ ನೀರು ಬೇರೆ!"

"ನಲ್ಲಿ ರಿಪೇರಿಯವನು."

ಅಮ್ಮ ಸೌಟು ಹಿಡಿದುಕೊಂಡೇ ಮಗಳ ಮುಖವನ್ನು ನೋಡಿದಳು. ತನ್ನ ಗುಟ್ಟು ಮಗಳಿಗೆ ಅಂದೇ ತಿಳಿದಿತ್ತೆಂದು ಅರ್ಥವಾಗಿ, ಕೆನ್ನೆ ಕೆಂಪಾಯಿತು.

"ಸರಿಹೋಯ್ತೇನೇ ನಲ್ಲಿ?" ಎಂದಳು ಮೆಲ್ಲಗೆ.

"ಸರಿಹೋಯ್ತಮ್ಮ. ಇನ್ನು ಸೋರಲ್ಲ."