ಅವ್ವ ಕಾಳು ಹಾಕೋವಷ್ಟು ಹೊತ್ತು

ಮಗಳು ಹೆಣ್ಣು ಹಡೆದಳು! ಇದನ್ನ ಮೊದಲು ಬರೀದಿದ್ರ ಮುಂದಿಂದು ಒಂದೂ ಹೇಳಲಿಕ್ಕಾಗೂದಿಲ್ಲ ನನಗ. ಮೂರನೇ ಇಯತ್ತೆ ತನಕ ಸಾಲಿ ಕಲಿತ ಕೈ, ತಪ್ಪಿದ್ರ ತಿದ್ದಿಕೋರಿ. ಹನ್ನೆರಡನೇ ದಿನ ನಿಲಂಗಾದ ನಮ್ಮ ಮನ್ಯಾಗ ಬಾರಸಾ, ಕೂಸಿಗಿ ಹೆಸರಿಡೋದು. ತೊಟ್ಟಿಲು ತೂಗುವಾಗ ನಮ್ಮವ್ವನ ಹಾಡೇ ಕೇಳಬೇಕಂತ ಹಟ ಹಿಡಿದೆ.

ಅವ್ವ ಹೋಗಿ ಭಾಳ ವರ್ಷ ಆತು. ಆಕಿ ದನಿ ಉಳಿದದ್ದು ಒಂದೇ ಕ್ಯಾಸೆಟ್ಟಿನಾಗ. ಭೂಕಂಪ ಆದ ಮ್ಯಾಲ ಕಾಸಾರಶಿರಸಿಯ ನನ್ನ ತವರಿನವರು ತಗಡಿನ ಶೆಡ್ಡಿನಾಗಿದ್ರು. ನಾ ಚೊಚ್ಚಲ ಬಸುರಿ, ಅಲ್ಲೇ ಇದ್ದೆ. ಹಿಟ್ಟಿನ ಗಿರಣಿ ಬಂದ್. ಅವ್ವ ಹಳೇ ಬೀಸುಕಲ್ಲಿನ ಮುಂದ ಕುಂತು, ಹಾಡಿಕೋತ ಜ್ವಾಳ ಬೀಸ್ತಿದ್ದಳು. ನಮ್ಮಣ್ಣ ಬಾಜೂಕ ಟೇಪ್ ಇಟ್ಟು ತುಂಬಿಕೊಂಡಿದ್ದ.

ಆ ಕ್ಯಾಸೆಟ್ಟಿನ ಎರಡೂ ಮಗ್ಗಲನ್ನ ಉದಗೀರದ ಅಂಗಡಿಯಾಂವ ಒಂದೇ ಉದ್ದನ್ನ ಫೈಲ್ ಮಾಡಿ ಪೆನ್‌ಡ್ರೈವಿನಾಗ ಕೊಟ್ಟ. ಹಾಡು ಬ್ಯಾರೆ ಬ್ಯಾರೆ ಮಾಡಬೇಕಲ್ಲ, ಮಗಳು ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡೇ ಲ್ಯಾಪ್‌ಟಾಪ್ ತೆಗೆದಳು.

"ಬಾಣಂತಿ ಕಣ್ಣು ಕೆಡ್ತಾವ, ಮುಚ್ಚದನ್ನ."

"ಹಟ ಹಿಡಿದಾಕಿನೂ ನೀನೇ, ಮುಚ್ಚು ಅನ್ನಾಕಿನೂ ನೀನೇ! ಸುಮ್ ಕೂಡು ಯವ್ವಾ. ಸದ್ದು ನಿಂತಲ್ಲೆಲ್ಲ ಇದು ತಾನೇ ಕತ್ತರಿಸ್ತದ."

ಕತ್ತರಿಸ್ತು. ನೂರಾ ಹದಿನಾಕು ತುಂಡು! ಮಗಳು ಒಂದು ಒತ್ತಿದಳು, ಅವ್ವನ ದನಿ ಬಂತು.

"ತಗಡಿನ ಮನಿಗಿ ಬಾಗಿಲಿಲ್ಲ, ನನ ಮಗಳೇ..."

ಅಷ್ಟಕ್ಕೇ ಮುಗೀತು. ಮಗಳ ಮಾರಿ ಸಣ್ಣದಾತು. "ಇದು ಅಳೋ ಹಾಡು ಯವ್ವಾ. ಬಾರಸಕ್ಕ ಬ್ಯಾಡ. ಬ್ಯಾರೇನರ ಹಚ್ಚೋಣು."

ನಾ ಬಿಡಲಿಲ್ಲ. "ಅಳೋದಲ್ಲಾ ಅದು! ನೀ ಹೊಟ್ಟ್ಯಾಗಿದ್ದಾಗ ಹಾಡಿದ್ದು. ಮುಂದಿಂದು ಒತ್ತು."

ಮುಂದಿನ ತುಂಡಿನಾಗ ಕಲ್ಲು ಗುರ್ ಅಂತು, ಅವ್ವ ಅಂದಳು: "ಬರೋ ತೊಟ್ಟಿಲಿಗಿ ತಡೆಯಿಲ್ಲ."

"ಹೌದಲ್ಲಾ! ಮತ್ತ ಅಜ್ಜಿ ನಡುವ ಯಾಕ ಸುಮ್ಮನಾಗ್ಯಾಳ?"

"ಕಾಳು ಹಾಕ್ಯಾಳ."

ಭೂಕಂಪದಾಗ ಗೋಡಿ ಬಿದ್ದು ಅವ್ವನ ಎಡಗೈ ಸೊಟ್ಟಾಗಿತ್ತು. ಮಂದಿ ಒಂದು ಕೈಲೆ ಬೀಸಿಕೋತ ಇನ್ನೊಂದು ಕೈಲೆ ಕಾಳು ಹಾಕ್ತಾರ. ಅವ್ವಗ ನಡೀತಿದ್ದದ್ದು ಒಂದೇ ಕೈ. ಬೀಸುಕಲ್ಲಿನ ಗೂಟ ಬಿಟ್ಟು, ಹಿಡಿ ಜ್ವಾಳ ಹಾಕಿ, ಮತ್ತ ಗೂಟ ಹಿಡೀಬೇಕು. ಅಲ್ಲೀತನಕ ಕಲ್ಲೂ ಸುಮ್ಮ, ಹಾಡೂ ಸುಮ್ಮ. ಮಗಳಿಗಿ ಇದನ್ನ ನಾ ಎಂದೂ ಹೇಳೇ ಇರಲಿಲ್ಲ, ಈಗ ಹೇಳಿದೆ.

ಆಕಿ ಮೊಬೈಲ್ ಕೈಗಿ ತಗೊಂಡಳು. ಆಮ್ಯಾಲ, "ಎಷ್ಟು ಹೊತ್ತು ಹಿಡೀತದ ಹಾಕಲಿಕ್ಕ? ತೋರಿಸು" ಅಂದಳು.

ಡಬ್ಬಿಯೊಳಗಿನ ಜ್ವಾಳ ತಂದೆ. ಎಡಗೈ ಬೆನ್ನ ಹಿಂದಿಟ್ಟು, ಇಲ್ಲದ ಬೀಸುಕಲ್ಲಿಗಿ ಹಾಕಿದೆ. ಆಕಿ ಮೊಬೈಲಿನಾಗ ಎಣಿಸಿದಳು.

"ಮೂರು ಸೆಕೆಂಡ್. ಇನ್ನೊಮ್ಮಿ ಹಾಕು."

ಹಾಕಿದೆ. ಮತ್ತೂ ಹಾಕಿದೆ. ನೆಲದ ತುಂಬ ಜ್ವಾಳ, ನಕ್ಕು ನಕ್ಕು ಇಬ್ಬರಿಗೂ ಸಾಕಾತು, ಕೂಸು ಎಚ್ಚರಾಗಿ ಚಿಟ್ಟನೆ ಚೀರಿತು. ನಾಕು ಸೆಕೆಂಡಿಗಿಂತ ಹೆಚ್ಚು ಸುಮ್ಮನಿದ್ರ ಮಾತ್ರ ಕತ್ತರಿಸಂತ ಮಗಳು ಆ ಮಶೀನಿಗಿ ಹೇಳಿದಳು. ಹತ್ತೊಂಬತ್ತು ಹಾಡಾದ್ವು, ಒಂದೂ ಮುರಿದಿರಲಿಲ್ಲ!

ಬಾರಸದ ದಿನ ಉಮರ್ಗಾದಿಂದ ಬೀಗರು ಬಂದ್ರು. ತೊಟ್ಟಿಲಿನಾಗ ನನ್ನ ಮೊಮ್ಮಗಳು, ಮೊಬೈಲಿನಾಗ ನನ್ನವ್ವ.

"ತಗಡಿನ ಮನಿಗಿ ಬಾಗಿಲಿಲ್ಲ, ನನ ಮಗಳೇ..."

ದನಿ ನಿಂತಿತು. "ಬಂದ್ ಬಿತ್ತೇನ್ರೀ?" ಅಂತ ಬೀಗತಿ ಮೊಬೈಲ್ ಒತ್ತಲಿಕ್ಕ ಬೆರಳು ಚಾಚಿದ್ರು.

ನಾ ಬಾಯಿ ತೆಗೆಯೋದ್ರಾಗ ಮಗಳು ಅವರ ಕೈ ಹಿಡಿದಳು.

"ತಡೀರಿ ಅತ್ತೀ, ನಮ್ಮಜ್ಜಿ ಕಾಳು ಹಾಕ್ಲಿಕತ್ತಾಳ."