ಚಾವಿಯಕ್ಕ ಕಸ ಮಾತ್ರ ಗುಡಿಸಿದ ವಾರ

ದೇಶ ಬಿಟ್ಟು ಓಡಿಬಂದವರಿಗೆ ಕೆಲಸ ಕೊಡಿಸಿ, ಅವರು ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ಮಾಡಲೆಂದೇ ಆ ಊರಿನಲ್ಲಿ ಒಂದು ಸ್ವಾವಲಂಬನಾ ಕೇಂದ್ರವಿತ್ತು. ಅದರ ಮುಖ್ಯಸ್ಥರಾದ ಸಾಹೇಬರು ಸ್ವಾವಲಂಬನೆಯ ಬಗ್ಗೆ ಎರಡು ಗಂಟೆ ಎಡವದೆ ಮಾತಾಡಬಲ್ಲವರು. ನಡುನಡುವೆ ನಾಲ್ಕು ಸಲ ನೀರು ಬೇಕಾಗುತ್ತಿತ್ತು, ಅಷ್ಟೆ. ನೀರಿನ ಹೂಜಿ ಅವರ ಬಲಗೈಯಿಂದ ಒಂದು ಗೇಣು ದೂರದಲ್ಲೇ ಇರುತ್ತಿತ್ತು. ಆದರೂ ಅವರು "ಅಕ್ಕಾ, ನೀರು" ಎಂದು ಕೂಗುತ್ತಿದ್ದರು. ಅಕ್ಕ ಎಲ್ಲಿದ್ದರೂ ಬಂದು, ಆ ಹೂಜಿಯನ್ನೇ ಬಗ್ಗಿಸಿ, ಆ ಲೋಟವನ್ನೇ ಕೈಗೆ ಕೊಟ್ಟು ಹೋಗುತ್ತಿದ್ದಳು.

ಈ ಅಕ್ಕನಿಗೆ ಎಲ್ಲರೂ ಚಾವಿಯಕ್ಕ ಅನ್ನುತ್ತಿದ್ದರು. ಸೊಂಟದಲ್ಲಿ ಹನ್ನೊಂದು ಚಾವಿಗಳ ಗೊಂಚಲು ತೂಗಾಡುತ್ತಿದ್ದುದರಿಂದ ಬಂದ ಹೆಸರದು. ಹದಿನಾಲ್ಕು ವರ್ಷಗಳಿಂದ ಕೇಂದ್ರದ ಬಾಗಿಲು ಅವಳು ತೆಗೆದರೆ ತೆರೆಯುತ್ತಿತ್ತು, ಅವಳು ಹಾಕಿದರೆ ಮುಚ್ಚುತ್ತಿತ್ತು. ಮನೆಯಲ್ಲೂ ಅವಳಿಗೆ ಇದಕ್ಕಿಂತ ಕಡಿಮೆ ಅಧಿಕಾರವೇನೂ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುವ ಅಧಿಕಾರ, ಒಲೆ ಹಚ್ಚುವ ಅಧಿಕಾರ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವ ಅಧಿಕಾರ, ಎಲ್ಲವೂ ಅವಳೊಬ್ಬಳದೇ. ಗಂಡ ಗಡಿಯಾರ ರಿಪೇರಿ ಮಾಡುವವನು. ಸಾಸಿವೆಗಿಂತ ಸಣ್ಣ ತಿರುಪು ನೆಲಕ್ಕೆ ಬಿದ್ದರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹುಡುಕಿ ತೆಗೆಯುತ್ತಿದ್ದ. ಆದರೆ ಇಪ್ಪತ್ತಾರು ವರ್ಷಗಳಿಂದ ಒಂದೇ ಗೂಡಿನಲ್ಲಿರುವ ಉಪ್ಪಿನ ಡಬ್ಬಿ ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಕೇಂದ್ರಕ್ಕೆ ತಿಂಗಳಿಗೆ ಹನ್ನೆರಡು ಜನರಿಗೆ ಕೆಲಸ ಕೊಡಿಸುವ ಗುರಿ ಇತ್ತು. ಒಂದು ಕಡಿಮೆಯಾದರೂ ಮೇಲಿನವರು ಅನುದಾನ ನಿಲ್ಲಿಸುತ್ತಾರೆಂಬ ಭಯ. ಅದಕ್ಕಾಗಿ ಸಾಹೇಬರು ಕೋಟು ತೊಟ್ಟು, ಕಡತ ಹಿಡಿದು, ದೊಡ್ಡ ದೊಡ್ಡ ಕಂಪನಿಗಳ ಮುಂಬಾಗಿಲಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಚಾವಿಯಕ್ಕ ಕಸದ ಬುಟ್ಟಿ ಹಿಡಿದು ಹಿಂಬದಿಯ ಓಣಿಗೆ ಹೋಗುತ್ತಿದ್ದಳು. ಆಸ್ಪತ್ರೆ, ಎರಡು ಹೋಟೆಲು, ಒಂದು ಲಾಂಡ್ರಿ, ಒಂದು ಬೇಕರಿ, ಎಲ್ಲವುಗಳ ಹಿಂಬಾಗಿಲೂ ಆ ಓಣಿಗೇ ತೆರೆಯುತ್ತಿದ್ದವು. ಬೆಳಿಗ್ಗೆ ಏಳಕ್ಕೆ ಆ ಬಾಗಿಲುಗಳಲ್ಲಿ ಬಕೆಟ್ಟು ಚೆಲ್ಲಲು ಬರುವ ಹೆಂಗಸರಿಗೆ ಯಾವ ಮ್ಯಾನೇಜರಿಗೂ ಗೊತ್ತಿಲ್ಲದ್ದು ಗೊತ್ತಿರುತ್ತಿತ್ತು.

"ನಮ್ಮ ಪಾತ್ರೆಯವಳು ಸೋಮವಾರದಿಂದ ಬರಲ್ವಂತೆ ಕಣೇ. ಸೊಂಟ ಹಿಡ್ಕೊಂಡಿದೆ."

"ಯಾರಿಗೂ ಹೇಳ್ಬೇಡ. ಒಂಬತ್ತಕ್ಕೆ ಒಬ್ಬಳನ್ನ ಕಳಿಸ್ತೀನಿ."

ಒಂಬತ್ತಕ್ಕೆ ಕೇಂದ್ರದ ಬೆಂಚಿನ ಮೇಲೆ ಕೂತ ಯಾರದೋ ಕಿವಿಯಲ್ಲಿ ಚಾವಿಯಕ್ಕ ಎರಡು ಮಾತು ಹೇಳುತ್ತಿದ್ದಳು. ಅವರು ಎದ್ದು ಹೋಗುತ್ತಿದ್ದರು. ತಿಂಗಳ ಕೊನೆಗೆ ಗುಮಾಸ್ತ ಅವಳನ್ನು ಕೇಳಿಕೊಂಡು, ಒಬ್ಬೊಬ್ಬರ ಲೆಕ್ಕಕ್ಕೂ ಸಾಹೇಬರ ಹೆಸರಿನ ಮುಂದೆ "ಸಮಾಲೋಚನೆಯ ಫಲ: ಒಂದು" ಎಂದು ಬರೆಯುತ್ತಿದ್ದ.

ಈ ಗುಮಾಸ್ತನಿಗೆ ತಪ್ಪು ಹುಡುಕುವ ಹುಚ್ಚು. ತನ್ನ ಕೈಯಿಂದ ಒಂದು ತಪ್ಪೂ ದಾಟಿ ಹೋಗಿಲ್ಲವೆಂದು ಹೇಳಿಕೊಳ್ಳುತ್ತಿದ್ದ. ಎಂಟು ತಿಂಗಳ ಹಿಂದೆ ಗಡಿಯ ಕ್ಯಾಂಪಿನಿಂದ ಒಂದು ಗಂಡ ಹೆಂಡಿರ ಅರ್ಜಿ ಬಂತು. ಗಂಡನ ವೃತ್ತಿ ದರ್ಜಿ, ಹೆಂಡತಿಯ ವೃತ್ತಿ ವೆಲ್ಡರ್ ಎಂದಿತ್ತು. ಗುಮಾಸ್ತ ಬಿದ್ದು ಬಿದ್ದು ನಕ್ಕ. "ಬರೆದೋನಿಗೆ ನಿದ್ದೆ ಬಂದಿತ್ತು ಅಂತ ಕಾಣುತ್ತೆ!" ಎಂದು ಕೆಂಪು ಶಾಯಿಯಲ್ಲಿ ಅದನ್ನು ಇದಕ್ಕೆ, ಇದನ್ನು ಅದಕ್ಕೆ ಬದಲಿಸಿದ. ಸಾಹೇಬರು ಸಹಿ ಹಾಕಿದರು. ಕೇಳಬೇಕಾದ ಇಬ್ಬರು ಹೊರಗೆ ಬೆಂಚಿನ ಮೇಲೆಯೇ ಕೂತಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಹೀಗಾಗಿ ಜೀವಮಾನವೆಲ್ಲ ಕೋಟು ಹೊಲಿದ ದರ್ಜಿ ವೆಲ್ಡಿಂಗ್ ತರಬೇತಿಗೆ ಹೋದ. ಮೊದಲ ವಾರವೇ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿ, ಎರಡು ದಿನ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತ. ಹದಿನೆಂಟು ವರ್ಷ ಬಸ್ಸಿನ ಬಾಡಿ ಕಟ್ಟಿದ ಅವನ ಹೆಂಡತಿ ಹೊಲಿಗೆ ಕ್ಲಾಸಿಗೆ ಹೋದಳು. ಏಳು ಸೂಜಿ ಮುರಿದಳು. ಅವಳು ಹೊಲಿದ ದಿಂಬಿನ ಚೀಲಕ್ಕೆ ನಾಲ್ಕು ಕಡೆಯೂ ಬಿಗಿಯಾದ ಹೊಲಿಗೆ. ದಿಂಬು ತುರುಕಲು ಬಾಯಿಯೇ ಇಲ್ಲ. ಟೀಚರಮ್ಮ ಯಾಕೆಂದು ಕೇಳಿದರೆ, "ಬಿಟ್ಟರೆ ಮಳೆನೀರು ಒಳಗೆ ಬರುತ್ತೆ" ಅಂದಳಂತೆ. ಅವಳ ಕಡತದಲ್ಲಿ "ಮಂದಬುದ್ಧಿ, ಆದರೆ ಪ್ರಾಮಾಣಿಕ" ಎಂಬ ಷರಾ ಬಿತ್ತು.

ಚಾವಿಯಕ್ಕನಿಗೆ ವಿಷಯ ತಿಳಿದದ್ದು ಕೇಂದ್ರದ ಪಡಸಾಲೆಯಲ್ಲಿ. ಒಂದು ದಿನ ಆ ಹೆಂಗಸು ಕಬ್ಬಿಣದ ಬೆಂಚಿನ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸುತ್ತ ಮುಖ ಸಿಂಡರಿಸಿಕೊಂಡಿದ್ದಳು.

"ಇದು ಯಾರು ಮಾಡಿದ್ದು ಅಕ್ಕ? ಕಾಗೆ ಹಿಕ್ಕೆ ಹಾಕಿದ ಹಾಗಿದೆ."

"ನಿನಗೇನೇ ಗೊತ್ತು ಇದೆಲ್ಲ?"

"ನಾನು ಬಸ್ಸು ಕಟ್ಟೋಳು. ನನ್ನ ಬಸ್ಸು ಬೆಟ್ಟ ಹತ್ತಿ ಇಳಿದರೂ ಒಂದು ಜಾಯಿಂಟ್ ಬಿಡ್ತಿರಲಿಲ್ಲ."

"ಮತ್ತೆ ದಿಂಬಿನ ಚೀಲ ಯಾಕೆ ಹೊಲೀತಿದೀಯ?"

"ಸರ್ಕಾರದವರು ಹೇಳಿದ್ರಲ್ಲ! ಈ ದೇಶದಲ್ಲಿ ಹೆಂಗಸರಿಗೆ ಹೀಗೇ ಏನೋ, ಕಲಿತ ಕೆಲಸಾನ ಮೊದಲು ಮರೀಬೇಕು ಏನೋ ಅಂದ್ಕೊಂಡೆ."

ಚಾವಿಯಕ್ಕ ಪೊರಕೆ ಗೋಡೆಗೆ ಒರಗಿಸಿ ನಕ್ಕಳು. ಆಮೇಲೆ ನಗು ನಿಂತಿತು. ಅಂದಿನಿಂದ ಅವಳಿಗೆ ಬಸ್ಸಮ್ಮ ಎಂದು ಹೆಸರಿಟ್ಟಳು.

ಮರುದಿನ ಬೆಳಿಗ್ಗೆಯೇ ಆಸ್ಪತ್ರೆಯ ಹಿಂಬಾಗಿಲಲ್ಲಿ ಉಗ್ರಾಣದವಳು ಸಿಕ್ಕಳು. ಅಲ್ಲಿ ಕಾಲು ಮುರಿದ ನಲವತ್ತು ಕಬ್ಬಿಣದ ಮಂಚಗಳು ಒಂದರ ಮೇಲೊಂದು ಬಿದ್ದಿದ್ದವು. ವಾರ್ಡಿನಲ್ಲಿ ಒಂದೇ ಮಂಚದ ಮೇಲೆ ಇಬ್ಬಿಬ್ಬರು ರೋಗಿಗಳು. ಹಳೆಯ ವೆಲ್ಡರ್ ಕೆಲಸ ಬಿಟ್ಟು ವರ್ಷವಾಗಿತ್ತು. ಚಾವಿಯಕ್ಕ ಬಸ್ಸಮ್ಮನನ್ನು ಅಲ್ಲಿಗೆ ಕರೆತಂದಳು. ಬಸ್ಸಮ್ಮ ಮುಖಕ್ಕೆ ಕವಚ ಇಳಿಸಿಕೊಂಡು, ಒಂದು ರಾಡು ಹಿಡಿದು, ಅರ್ಧ ಗಂಟೆಯಲ್ಲಿ ಒಂದು ಮಂಚವನ್ನು ನಾಲ್ಕು ಕಾಲ ಮೇಲೆ ನಿಲ್ಲಿಸಿದಳು. ಉಗ್ರಾಣದವಳು ದಪ್ಪಗಿದ್ದಳು. ಮಂಚದ ಮೇಲೆ ಕೂತು ಮೂರು ಸಲ ಕುಪ್ಪಳಿಸಿದಳು. ಮಂಚ ಕಿರ್ ಅನ್ನಲಿಲ್ಲ.

"ದಿನಗೂಲಿ ಮೇಲೆ ಇವತ್ತಿಂದಲೇ ಇರಲಿ. ಕಾಯಂ ಮಾಡಿಸ್ತೀನಿ, ಕ್ವಾರ್ಟರ್ಸೂ ಸಿಗುತ್ತೆ. ದರ್ಜಿ ಗಂಡನಿಗೂ ಇಲ್ಲಿ ಹರಿದ ಹೊದಿಕೆ ಬೇಕಾದಷ್ಟಿವೆ," ಎಂದಳು. "ಆದ್ರೆ ಕೇಂದ್ರದವರು ಕೊಟ್ಟ ಇವಳ ಕಾರ್ಡಿನಲ್ಲಿ ವೆಲ್ಡರ್ ಅಂತ ಇರಬೇಕು. ತಿಂಗಳ ಕೊನೇ ಶನಿವಾರ ಒಂದು ಗಂಟೆ ಒಳಗೆ ತರಬೇಕು. ಆಮೇಲೆ ಆ ಜಾಗಕ್ಕೆ ಬೇರೆ ಯಾರನ್ನೋ ತುಂಬ್ತಾರೆ."

ತಿಂಗಳ ಕೊನೆಗೆ ಇನ್ನೂ ಒಂದು ವಿಷಯವಿತ್ತು. ಗಂಡ ಹೆಂಡಿರ ಆಶ್ರಯದ ಕೋಣೆಯ ಅವಧಿ ಅಂದಿಗೇ ಮುಗಿಯುತ್ತಿತ್ತು. ಕಾಯಂ ಕೆಲಸವಿಲ್ಲದವರನ್ನು ಮತ್ತೆ ಗಡಿಯ ಕ್ಯಾಂಪಿಗೆ, ಆ ಕೆಸರಿಗೆ, ಆ ಡೇರೆಗೆ ಸಾಗಿಸುತ್ತಿದ್ದರು.

ಇಬ್ಬರೂ ಅರ್ಜಿ ಹಿಡಿದು ಸಾಹೇಬರ ಮುಂದೆ ನಿಂತರು. ಚಾವಿಯಕ್ಕ ಮೇಜು ಒರೆಸುವ ನೆಪದಲ್ಲಿ ಅಲ್ಲೇ ಇದ್ದಳು. ಸಾಹೇಬರು ಓದಿ, ಕನ್ನಡಕ ತೆಗೆದು, ದರ್ಜಿಯ ಕಡೆ ಮರುಕದಿಂದ ನೋಡಿದರು.

"ನೋಡಪ್ಪಾ, ಹೆಂಡತಿ ಬೆಂಕಿ ಹಿಡ್ಕೊಂಡು ದುಡಿಯೋದು, ಗಂಡ ಸೂಜಿ ಹಿಡ್ಕೊಂಡು ಕೂರೋದು... ನಿನ್ನ ಗೌರವದ ಪ್ರಶ್ನೆ ಅಂತ ಹೇಳ್ತಿದೀನಿ."

"ಸರ್, ನನ್ನ ಗೌರವ ಚೆನ್ನಾಗಿದೆ," ಎಂದ ದರ್ಜಿ. "ಕಣ್ಣು ಉರೀತಿದೆ."

ಗುಮಾಸ್ತ ಬಾಗಿಲಿನಿಂದಲೇ ಹೇಳಿದ: "ಒಂದು ಸಲ ತಿದ್ದಿದ್ದನ್ನ ಮತ್ತೆ ತಿದ್ದಿದ್ರೆ, ಮೊದಲು ತಿದ್ದಿದ್ದೇ ತಪ್ಪು ಅಂತ ಆಗುತ್ತೆ ಸರ್."

"ಹೌದಲ್ಲ!" ಎಂದರು ಸಾಹೇಬರು. "ಸಮಿತಿ ಮುಂದಿಡೋಣ. ಇನ್ನು ಮೂರು ತಿಂಗಳಿಗೆ ಸಭೆ ಇದೆ. ಅಕ್ಕಾ, ಸ್ವಲ್ಪ ನೀರು."

ಚಾವಿಯಕ್ಕ ನೀರು ಕೊಟ್ಟಳು. ಅದೇ ಕೊನೆಯ ಲೋಟ.

ಅಂದು ಮನೆಗೆ ಹೋಗಿ ಪೆಟ್ಟಿಗೆಯ ತಳದಿಂದ ತನ್ನ ನೇಮಕಾತಿ ಪತ್ರ ತೆಗೆದು ಓದಿದಳು. ಹದಿನಾಲ್ಕು ವರ್ಷದಲ್ಲಿ ಅದನ್ನು ಪೂರ್ತಿ ಓದಿದ್ದು ಅದೇ ಮೊದಲು. ಕಸ ಗುಡಿಸುವುದು, ನೆಲ ಒರೆಸುವುದು, ಬಾಗಿಲು ತೆಗೆಯುವುದು ಮತ್ತು ಹಾಕುವುದು. ಅಷ್ಟೇ. ಹೂಜಿ ಬಗ್ಗಿಸುವುದು, ಚಹಾ ಕಾಯಿಸುವುದು, ಕೋಟಿನ ಗುಂಡಿ ಹಾಕುವುದು, ತಲೆಯ ಮೇಲಿರುವ ಕನ್ನಡಕ ಎಲ್ಲಿದೆಯೆಂದು ಹೇಳುವುದು, ಅಳುವವರ ಪಕ್ಕ ಕೂರುವುದು, ಓಣಿ ಸುತ್ತಿ ಕೆಲಸ ಹುಡುಕುವುದು, ಯಾವುದೂ ಅದರಲ್ಲಿರಲಿಲ್ಲ.

ಸೋಮವಾರದಿಂದ ಅವಳು ಪತ್ರದಲ್ಲಿದ್ದುದನ್ನು ಬಹಳ ಚೆನ್ನಾಗಿ ಮಾಡಿದಳು. ಮೂಲೆಗಳ ಜೇಡರ ಬಲೆ ಕೂಡ ಹೋಯಿತು. "ಅಕ್ಕಾ, ನೀರು" ಎಂದರೆ, "ನೆಲ ಒರೆಸ್ತಿದೀನಿ ಸರ್" ಎನ್ನುತ್ತಿದ್ದಳು. "ಅಕ್ಕಾ, ಚಹಾ" ಎಂದರೆ, "ಕಸ ಗುಡಿಸ್ತಿದೀನಿ ಸರ್." ಮಂಗಳವಾರ ಸಾಹೇಬರು ಸ್ವತಃ ಸ್ಟವ್ ಹಚ್ಚಲು ಹೋಗಿ ಬೆಂಕಿಪೊಟ್ಟಣ ಮುಗಿಸಿದರು. ಬುಧವಾರ ಗುಮಾಸ್ತ ಚಹಾ ಮಾಡಿದ; ಅದರಲ್ಲಿ ತಪ್ಪು ಹುಡುಕುವ ಕೆಲಸ ಸಾಹೇಬರ ಪಾಲಿಗೆ ಬಂತು. ಗುರುವಾರ ಕೋಟಿನ ಗುಂಡಿ ಕಿತ್ತುಬಂದು, ಸಾಹೇಬರು ಸ್ವಾವಲಂಬನೆಯ ಭಾಷಣವನ್ನು ಒಂದು ಕೈಯಿಂದ ಎದೆ ಮುಚ್ಚಿಕೊಂಡೇ ಮುಗಿಸಿದರು. ಕೇಳಿದವರು ಎಂಥ ಭಾವುಕ ಮನುಷ್ಯ ಎಂದುಕೊಂಡರು.

ಆ ಚಾಳಿ ಮನೆಗೂ ಅಂಟಿತು. "ಉಪ್ಪೆಲ್ಲೇ?" ಎಂದ ಗಂಡನಿಗೆ, "ಇದ್ದಲ್ಲೇ ಇದೆ" ಎಂದು ಹೇಳಿ ಅವಳು ಊಟ ಮುಂದುವರಿಸಿದಳು. ಅವನು ಬಹಳ ಹೊತ್ತು ಕಾದ. ಕೊನೆಗೆ ಎದ್ದು, ಎರಡು ಡಬ್ಬಿ ಬೀಳಿಸಿ, ಮೂರನೆಯದನ್ನು ಹಿಡಿದು ಬಂದು ಅದ್ಭುತ ಕಂಡವನಂತೆ, "ಗೂಡಿನಲ್ಲೇ ಇತ್ತಲ್ಲೇ!" ಎಂದ. ಅತ್ತೆ, "ನನ್ನ ಮಗನಿಗೆ ಈ ವಯಸ್ಸಲ್ಲಿ ಎಂಥ ಗತಿ ಬಂತು" ಎಂದು ಕಣ್ಣೊರೆಸಿಕೊಂಡಳು.

ಆದರೆ ಕೇಂದ್ರದ ಜನರ ಹೊಟ್ಟೆಯ ಮೇಲೆ ಹೊಡೆಯುವ ಬುದ್ಧಿ ಚಾವಿಯಕ್ಕನಿಗಿರಲಿಲ್ಲ. ಓಣಿಯ ಸುದ್ದಿಯನ್ನು ಅವಳು ಮೊದಲಿನಂತೆಯೇ ತರುತ್ತಿದ್ದಳು. ಕೇಂದ್ರದೊಳಗೆ ಮಾತ್ರ ಹೇಳುತ್ತಿರಲಿಲ್ಲ. ಮನೆಗೆ ಹೋಗುವಾಗ ರಸ್ತೆಯ ತಿರುವಿನಲ್ಲಿ ನಿಂತು ಹೇಳುತ್ತಿದ್ದಳು. ಆ ತಿಂಗಳ ಹಿಂದಿನ ವಾರಗಳ ಲೆಕ್ಕವನ್ನೂ ಅವಳು ಗುಮಾಸ್ತನಿಗೆ ಇನ್ನೂ ಕೊಟ್ಟಿರಲಿಲ್ಲ. ತಿಂಗಳ ಕೊನೆಗೆ ಕೇಳಿದರಾಯಿತೆಂದು ಅವನೂ ಕೂತಿದ್ದ. ಹೀಗಾಗಿ ಜನರಿಗೆ ಕೆಲಸ ಸಿಗುವುದು ನಿಲ್ಲಲಿಲ್ಲ. ಕೆಲಸ ಕೊಡಿಸಿದೆವೆಂದು ಬರೆದುಕೊಳ್ಳುವುದು ನಿಂತಿತು.

ಶನಿವಾರ ಬಂತು. ವರದಿ ಕಳಿಸುವ ದಿನ. ಹನ್ನೊಂದೂವರೆಗೆ ಗುಮಾಸ್ತ ಬಿಳಿಚಿಕೊಂಡ ಮುಖದಲ್ಲಿ ಸಾಹೇಬರ ಮುಂದೆ ಹಾಳೆ ಇಟ್ಟ. ಫಲದ ಕಾಲಂ ಒರೆಸಿದ ನೆಲದಷ್ಟು ಸ್ವಚ್ಛವಾಗಿತ್ತು. ಸಾಹೇಬರು ತಾವೇ ಎದ್ದು ಪಡಸಾಲೆಗೆ ಬಂದರು. ಚಾವಿಯಕ್ಕ ಕಿಟಕಿಯ ಸರಳು ಒರೆಸುತ್ತಿದ್ದಳು.

"ಅಕ್ಕಾ, ಈ ತಿಂಗಳು ಯಾರ್ಯಾರಿಗೆ ಕೆಲಸ ಆಯ್ತು?"

"ಸಮಾಲೋಚನೆ ನೀವಲ್ವಾ ಸರ್ ಮಾಡೋದು? ನನಗೇನು ಗೊತ್ತು, ನಾನು ಕಸದವಳು."

"ಹಾಗಲ್ಲಮ್ಮ... ನಿಮ್ಮ ಕಿವಿಗೆ ಬಿದ್ದಿರುತ್ತಲ್ಲ."

"ಬಿದ್ದಿದೆ. ಹನ್ನೊಂದು ಜನ."

"ಹನ್ನೊಂದಾ? ಹನ್ನೆರಡು ಬೇಕಲ್ಲ!"

"ಹನ್ನೆರಡನೆಯವಳು ಇದಾಳೆ. ಹದಿನಾರು ಮಂಚ ನಿಲ್ಲಿಸಿದಾಳೆ. ಕಾಯಂ ಮಾಡ್ಕೊಳ್ಳೋಕೆ ಆಸ್ಪತ್ರೆಯವರು ಒಂದು ಗಂಟೆವರೆಗೆ ಕಾಯ್ತಾರೆ. ಆದ್ರೆ ಅವಳ ಕಾರ್ಡಲ್ಲಿ ಹೊಲಿಗೆ ಅಂತಿದೆಯಲ್ಲ ಸರ್. ಇಲ್ಲದ ವೆಲ್ಡರನ್ನ ನಾನು ಹೇಗೆ ಎಣಿಸ್ಲಿ? ತಪ್ಪಾಗುತ್ತೆ."

ಸಾಹೇಬರು ಗುಮಾಸ್ತನನ್ನು ನೋಡಿದರು. ಗುಮಾಸ್ತ ಗೋಡೆಯ ಗಡಿಯಾರ ನೋಡಿದ. ಹನ್ನೆರಡಾಗಿತ್ತು. ಸಮಿತಿ ಮೂರು ತಿಂಗಳ ಆಚೆ ಇತ್ತು, ಅನುದಾನ ಈಚೆಗೇ ಇತ್ತು.

"ತುರ್ತು ಅಧಿಕಾರ ಅಂತ ಒಂದಿದೆ, ಅಲ್ವೇನ್ರೀ?" ಎಂದರು ಸಾಹೇಬರು.

"ಇದೆ ಸರ್. ಕಾರಣ ಏನಂತ ಬರೀಲಿ?"

"ಏನಾದ್ರೂ ಬರೀರಿ!"

ಗುಮಾಸ್ತ ಯೋಚಿಸಿ, ಕೆಂಪು ಶಾಯಿಯಲ್ಲಿ ಬರೆದ: "ಕ್ಯಾಂಪಿನವರು ಮಾಡಿದ್ದ ತಪ್ಪನ್ನು ಸರಿಪಡಿಸಲಾಗಿದೆ." ಆಗ ಅವನ ಮುಖಕ್ಕೆ ಮತ್ತೆ ರಕ್ತ ಬಂತು.

ಗಂಡ ಹೆಂಡಿರಿಬ್ಬರ ಕಾರ್ಡಿಗೂ ಸಹಿಯಾಯಿತು. ಮೊಹರು ಬೇಕಾಯಿತು. ಸಾಹೇಬರು ಮೊಹರು ಒತ್ತಿದರು. ಕಾಗದದ ಮೇಲೆ ಏನೂ ಮೂಡಲಿಲ್ಲ. ಪ್ಯಾಡು ಒಣಗಿತ್ತು.

"ಅಕ್ಕಾ, ಶಾಯಿ?"

"ಎಡಗಡೆ ಬೀರು, ಎರಡನೇ ಅರೆ, ನೀಲಿ ಬಾಟಲಿ," ಎಂದಳು ಚಾವಿಯಕ್ಕ. ಅಲುಗಲಿಲ್ಲ.

ಸಾಹೇಬರು ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ ಆ ಬೀರು ತೆರೆದರು. ಮೊದಲ ಅರೆ ಹುಡುಕಿದರು, ಮೂರನೆಯದು ಹುಡುಕಿದರು. ಬಾಟಲಿ ಸಿಕ್ಕಿತು, ಮುಚ್ಚಳ ಬಿಗಿಯಾಗಿತ್ತು. ಕೊನೆಗೆ ಮೊಹರು ಮೂಡಿದಾಗ ಅವರ ಹತ್ತೂ ಬೆರಳು ನೀಲಿಯಾಗಿದ್ದವು.

ಚಾವಿಯಕ್ಕ ಎರಡು ಕಾರ್ಡು ಸೆರಗಿನಲ್ಲಿ ಸುತ್ತಿಕೊಂಡು ಓಣಿಯಲ್ಲಿ ಓಡಿದಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಓಡುವ ಹೆಂಗಸನ್ನು ನೋಡಿ ಲಾಂಡ್ರಿಯವಳು, "ಏನೇ, ಮನೆಗೆ ಬೆಂಕಿ ಬಿತ್ತಾ?" ಎಂದು ಕೂಗಿದಳು. ಒಂದಕ್ಕೆ ಐದು ನಿಮಿಷವಿತ್ತು. ಉಗ್ರಾಣದವಳು ಬಾಗಿಲು ಅರ್ಧ ಹಾಕಿ ಕಾಯುತ್ತಿದ್ದಳು. ಬಸ್ಸಮ್ಮನೂ ಅವಳ ಗಂಡನೂ ಅಲ್ಲೇ ನಿಂತಿದ್ದರು. ಕಾರ್ಡು ತೆಗೆದುಕೊಂಡು, ಬಸ್ಸಮ್ಮನ ಮುಖ ನೋಡಿ, ಪುಸ್ತಕದಲ್ಲಿ ಗಟ್ಟಿಯಾಗಿ ಓದುತ್ತ ಬರೆದಳು: "ವೆಲ್ಡರ್. ಕಾಯಂ."

ಬಸ್ಸಮ್ಮ ತನ್ನ ಕಾರ್ಡಿನ ನೀಲಿ ಮೊಹರಿನ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು. ಬೆಸುಗೆ ಗಟ್ಟಿಯಿದೆಯೋ ಎಂದು ಪರೀಕ್ಷಿಸುವವಳ ಹಾಗೆ.

"ಅಳಿಸಿ ಹೋಗಲ್ವಾ ಅಕ್ಕ?"

"ಈ ಶಾಯಿ ಸಾಹೇಬರ ಕೈಯಿಂದಲೇ ಹೋಗಿಲ್ಲ. ಇದರಿಂದ ಎಲ್ಲಿ ಹೋಗುತ್ತೆ!"

"ಹಾಗಾದ್ರೆ ಅಡುಗೆ ಇವತ್ತು ನೀನೇ ನೋಡ್ಕೋ," ಎಂದು ಗಂಡನಿಗೆ ಹೇಳಿ, ಬಸ್ಸಮ್ಮ ಕವಚ ಇಳಿಸಿಕೊಂಡು ಹದಿನೇಳನೆಯ ಮಂಚದ ಕಡೆ ತಿರುಗಿದಳು.

ದರ್ಜಿಗೆ ಅದು ಕೇಳಿಸಿತೋ ಇಲ್ಲವೋ. ವೆಲ್ಡಿಂಗ್ ಮೇಷ್ಟ್ರ ಕಣ್ಣಿಗೆ ಬೀಳದ ಹಾಗೆ ಎಂಟು ತಿಂಗಳು ಒಳಜೇಬಿನಲ್ಲಿ ಇಟ್ಟುಕೊಂಡಿದ್ದ ಅಳತೆಪಟ್ಟಿಯನ್ನು ಹೊರತೆಗೆದು, ಯಾರೂ ಕೇಳದಿದ್ದರೂ, ಅವನು ವಾರ್ಡಿನ ಪರದೆಯನ್ನು ಮೇಲಿನಿಂದ ಕೆಳಗೆ ಅಳೆಯತೊಡಗಿದ್ದ.

"ಎರಡು ಇಂಚು ಗಿಡ್ಡ," ಎಂದ, ಬಹಳ ನೊಂದುಕೊಂಡು. "ಯಾರು ಹೊಲಿದಿದ್ದು ಇದನ್ನ?"