ಎಂಟು ಇಂಚು ಕಡಿಮೆಯಿದ್ದ ಅಳತೆಕೋಲು

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಕೋಲಣ್ಣ ಗಳದ ಮೇಲಿಂದ ನೀಲಿ ಅಂಗಿ ತೆಗೆದು ಕೊಡವಿದರು. ಮೂರನೆಯ ಮಹಡಿಯ ಒಂಟಿ ಕೋಣೆಯ ಹೊರಗೆ, ವರಾಂಡದ ಸೂರಿನಿಂದ ಇಳಿಬಿಟ್ಟ ಎರಡು ಹಗ್ಗಗಳಲ್ಲಿ ಆ ಗಳ ತೂಗುತ್ತಿತ್ತು. ಅದರ ಮೇಲೆ ಇನ್ನೊಂದು ಪ್ಯಾಂಟು, ಒಂದು ಟವೆಲು. ಉಳಿದ ಅರ್ಧ ಖಾಲಿ. ಖಾಲಿ ಇದ್ದ ಕಡೆ ಮಾಸಿದ ಬಣ್ಣದ ಪಟ್ಟೆಗಳು ಕಾಣುತ್ತಿದ್ದವು: ಒಂದು ಕಪ್ಪು, ಒಂದು ಬಿಳಿ, ಮತ್ತೆ ಕಪ್ಪು.

ಅಂಗಿಯನ್ನು ಇಸ್ತ್ರಿ ಮಾಡಲು ಅವರು ಹತ್ತು ನಿಮಿಷ ತೆಗೆದುಕೊಂಡರು. ವಾರದ ಉಳಿದ ಆರು ದಿನ ಅಂಗಿಗೆ ಇಸ್ತ್ರಿ ಇರುವುದಿಲ್ಲ. ಬುಧವಾರ ಮಾತ್ರ ಅವರನ್ನು ಕಾಯುವವರು ಒಬ್ಬರಿದ್ದಾರೆ.

ಕಾಯುವವಳು ನಗರಸಭೆಯ ದಾಖಲೆ ಕೋಣೆಯ ಗುಮಾಸ್ತೆ. ಅವಳ ಮೇಜಿನ ಮೇಲೆ ಪೇಟೆ ಬೀದಿಯ ಇನ್ನೂರ ಹದಿನಾಲ್ಕು ಫೋಟೋಗಳಿವೆ. ನಲವತ್ತೆಂಟು ವರ್ಷದ ಹಿಂದೆ ರಸ್ತೆ ಅಗಲ ಮಾಡುವ ಯೋಜನೆ ಬಂದಾಗ, ಒಡೆಯುವ ಮುಂಚೆ ಪ್ರತಿ ಕಟ್ಟಡದ ಮುಂಭಾಗದ ಚಿತ್ರ ತೆಗೆಸಿ ಇಡಬೇಕು ಎಂದು ಆದೇಶವಾಯಿತು. ನಗರಸಭೆ ಒಬ್ಬ ಫೋಟೋಗ್ರಾಫರನನ್ನು ಗೊತ್ತುಮಾಡಿತು. ಮೊದಲು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರಾದ್ದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಕಟ್ಟಡದ ಎತ್ತರ ತಿಳಿಯಲು ಪಕ್ಕದಲ್ಲಿ ಹತ್ತಡಿಯ ಅಳತೆಕೋಲು ನಿಲ್ಲಿಸಬೇಕಿತ್ತು. ಅಡಿಗೊಂದರಂತೆ ಕಪ್ಪು, ಬಿಳಿ ಹತ್ತು ಪಟ್ಟೆ. ಅದನ್ನು ಹಿಡಿದು ನಿಲ್ಲಲು ಹಂಗಾಮಿ ಕೆಲಸಕ್ಕೆ ಬಂದವರು ಕೋಲಣ್ಣ. ಆಗ ಅವರಿಗೆ ಇಪ್ಪತ್ತಾರು. ಆ ಹೆಸರು ಬಂದದ್ದೂ ಆಗಲೇ. ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

"ಕ್ಯಾಮೆರಾ ನೋಡಬೇಡ" ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. "ನೀನು ಹಲ್ಲು ಬಿಟ್ಟು ನಿಂತ್ರೆ ಜನ ನಿನ್ನ ನೋಡ್ತಾರೆ, ಕಟ್ಟಡ ನೋಡಲ್ಲ. ಗೋಡೆ ಕಡೆ ಮುಖ ಮಾಡು. ನೀನೂ ಒಂದು ಗೋಡೆ ಅಂದ್ಕೋ."

ಹಾಗಾಗಿ ಇನ್ನೂರ ಹದಿನಾಲ್ಕು ಚಿತ್ರಗಳಲ್ಲೂ ಕೋಲಣ್ಣ ಇದ್ದಾರೆ, ಒಂದರಲ್ಲೂ ಮುಖ ಇಲ್ಲ. ಎಡಗಡೆ ಅಂಚಿನಲ್ಲಿ ಒಂದು ಬೆನ್ನು, ಒಂದು ಕಿವಿ, ಕೋಲು ಹಿಡಿದ ಬಲಗೈ. ಎರಡು ವರ್ಷದ ಹಿಂದೆ ಮೂವತ್ತೊಂದನೆಯ ಚಿತ್ರ ಪತ್ರಿಕೆಯಲ್ಲಿ ಬಂತು. ಈ ಅಂಗಡಿಗಳ ಬಗ್ಗೆ ಗೊತ್ತಿದ್ದವರು ದಾಖಲೆ ಕೋಣೆಗೆ ತಿಳಿಸಬೇಕೆಂಬ ಸೂಚನೆ ಜೊತೆಗಿತ್ತು. ಕೋಲಣ್ಣ ವಾಚನಾಲಯದಲ್ಲಿ ಅದನ್ನು ನೋಡಿ ನೇರ ದಾಖಲೆ ಕೋಣೆಗೆ ಹೋದರು.

"ಏನಾಗಬೇಕಿತ್ತು?" ಎಂದು ಗುಮಾಸ್ತೆ ಕೇಳಿದಳು.

"ಆ ಕೈ ನಂದು" ಎಂದರು ಅವರು.

ಮೊದಲ ತಿಂಗಳುಗಳಲ್ಲಿ ವಾರಕ್ಕೆ ನಾಲ್ಕು ಚಿತ್ರ ನೋಡುತ್ತಿದ್ದರು. ಇದು ಬೀಗದ ಅಂಗಡಿ, ಇದು ಟೋಪಿಯವನದು, ಮೇಲೆ ಹಲ್ಲಿನ ಡಾಕ್ಟರು, ಅವರ ಬೋರ್ಡಿನ ಹಲ್ಲನ್ನು ಗಾಳಿ ಹಾರಿಸಿಕೊಂಡು ಹೋಗಿ ಎದುರಿನ ಕನ್ನಡಕದಂಗಡಿಯ ಗಾಜು ಒಡೆದಿತ್ತು. ಅವರು ಹೇಳಿದ್ದನ್ನು ಅವಳು ಕಂಪ್ಯೂಟರಿಗೆ ಹಾಕುತ್ತಿದ್ದಳು. ಜೊತೆಗೆ ಕೋಲಿನ ಪಟ್ಟೆಗಳ ಲೆಕ್ಕದಲ್ಲಿ ಬಾಗಿಲೆಷ್ಟು, ಮಾಡೆಷ್ಟು ಎಂದು ಎತ್ತರವನ್ನೂ ಬರೆಯುತ್ತಿದ್ದಳು. ನೂರ ಹದಿನೇಳನೆಯ ಚಿತ್ರದಿಂದ ಕೋಲಣ್ಣನ ವೇಗ ಇಳಿಯಿತು. ವಾರಕ್ಕೆ ಎರಡೇ.

"ನಿಮ್ಮ ಜ್ಞಾಪಕಶಕ್ತಿಗೂ ರೇಷನ್ ಇಟ್ಟಿದೀರಾ, ಕೋಲಣ್ಣ?" ಎಂದು ಅವಳು ಕೆಣಕಿದ್ದಳು.

"ವಯಸ್ಸಾಯ್ತು, ತಾಯಿ. ಒಂದೇ ಸಲ ಎಲ್ಲ ಹೊರಗೆ ಬಂದ್ರೆ ಒಳಗೆ ಏನಿರುತ್ತೆ?"

ಈ ಬುಧವಾರ ಇನ್ನೂರ ನಾಲ್ಕು, ಇನ್ನೂರ ಐದು ಮುಗಿದಿದ್ದವು. ಅವರು ಟೀ ಕುಡಿಯುತ್ತಿದ್ದಾಗ ನಗರಸಭೆಯ ಎಂಜಿನಿಯರ್ ಒಳಗೆ ಬಂದ. ಪೇಟೆ ಬೀದಿಯಲ್ಲಿ ಒಡೆಯದೆ ಉಳಿದ ಸಾಲಿನಲ್ಲಿ ಒಂದು ಕಟ್ಟಡದ ಮುಂಭಾಗ ಹೋದ ವರ್ಷ ಕುಸಿದಿತ್ತು. ಅದನ್ನು ಫೋಟೋ ನೋಡಿಕೊಂಡು ಮೊದಲಿನ ಹಾಗೇ ಕಟ್ಟುವ ಕೆಲಸ ಅವನದು. ಅವನು ನೂರ ಅರವತ್ತಮೂರನೆಯ ಚಿತ್ರ ಕೇಳಿ ತೆಗೆಸಿದ.

"ಇದೇ ತಾನೇ ಛತ್ರಿ ಅಂಗಡಿ?"

"ಇದೇ" ಎಂದರು ಕೋಲಣ್ಣ. "ಬಾಗಿಲ ತುಂಬ ಮೊಳೆ ಹೊಡೆದು ಛತ್ರಿ ನೇತು ಹಾಕ್ತಿದ್ದ. ಮೋಡ ಕಂಡ್ರೆ ಸಾಕು, ಅಂಗಡಿ ಮುಚ್ಚಿ ಮನೆಗೆ ಓಡ್ತಿದ್ದ."

"ಮಳೇಲೇ ಅಲ್ವಾ ವ್ಯಾಪಾರ?"

"ಮನೆಗೆ ಹಿಡ್ಕೊಂಡು ಹೋಗೋಕೆ ಅವನ ಹತ್ರ ಛತ್ರಿ ಇರಲಿಲ್ಲ. ಇದ್ದದ್ದೆಲ್ಲ ಮಾರೋದು."

ಎಂಜಿನಿಯರ್ ನಕ್ಕ. ಆಮೇಲೆ ಚಿತ್ರದ ಮೇಲೆ ಪೆನ್ನಿನ ತುದಿ ಇಟ್ಟು ಪಟ್ಟೆ ಎಣಿಸಿದ. "ನಗರಸಭೆ ಗೋದಾಮಲ್ಲಿ ಒಂದು ಜೋಡಿ ಹಳೇ ಬಾಗಿಲಿದೆ. ಈ ಅಂಗಡಿದೇ ಅಂತ ಅಲ್ಲಿಯ ಕಾವಲುಗಾರ ಆಣೆ ಇಡ್ತಾನೆ. ಆದ್ರೆ ಅದು ಏಳಡಿ. ಇಲ್ಲಿ ನೋಡಿದ್ರೆ ಏಳೂವರೆ ಪಟ್ಟೆ. ಬಾಗಿಲಿಗೆ ಮುಪ್ಪು ಬಂದು ಅರ್ಧ ಅಡಿ ಕುಗ್ಗಿತಾ?"

"ಮೊಳೆ ತೂತು ಇವೆಯಾ ನೋಡಿದ್ರಾ?" ಎಂದು ಕೋಲಣ್ಣ ಕೇಳಿದರು.

"ಯಜಮಾನ್ರೇ, ಮೊಳೆ ತೂತು ಇಲ್ಲದ ಹಳೇ ಬಾಗಿಲು ಇದ್ರೆ ನೀವೇ ತೋರಿಸಿ. ಕಾವಲುಗಾರನಿಗೆ ಮರೆವು ಬರಬಹುದು, ಕೋಲಿಗೆ ಬರಲ್ಲ. ಅದು ಬೇರೆ ಯಾವುದೋ ಕಟ್ಟಡದ್ದು. ಶುಕ್ರವಾರ ಗೋದಾಮು ಖಾಲಿ ಮಾಡ್ತಾರೆ, ಅದೂ ಗುಜರಿಗೆ ಹೋಗುತ್ತೆ. ಏಳೂವರೆ ಅಡಿದು ಹೊಸದಾಗಿ ಮಾಡಿಸ್ತೀನಿ. ಮುಂಭಾಗ ಒಟ್ಟು ಇಪ್ಪತ್ತೆರಡೂವರೆ ಅಡಿ." ಅವನು ಬರೆದುಕೊಂಡು ಹೊರಟ.

ಕೋಲಣ್ಣ ಟೀ ಪೂರ್ತಿ ಕುಡಿಯಲಿಲ್ಲ. ಗುಮಾಸ್ತೆಗೆ ಬರ್ತೀನಿ ಎಂದು ಹೇಳುವುದನ್ನೂ ಮರೆತು ಮನೆಗೆ ಹೋದರು.

ಕೋಲು ಮುರಿದದ್ದು ಒಂದು ಮಧ್ಯಾಹ್ನ. ನೂರ ಹದಿನಾರನೆಯ ಚಿತ್ರ ಮುಗಿಸಿ ಮೇಷ್ಟ್ರು ಊಟಕ್ಕೆ ಹೋಗಿದ್ದರು. ಕೋಲಣ್ಣ ಕೋಲನ್ನು ಟೈಲರ್ ಅಂಗಡಿಯ ಗೋಡೆಗೆ ಒರಗಿಸಿ ನೀರು ಕುಡಿಯಲು ಒಳಗೆ ಹೋದರು. ಕೋಲು ಜಾರಿ ರಸ್ತೆಗೆ ಬಿತ್ತು. ಕಬ್ಬಿಣದ ಸರಳು ತುಂಬಿದ ಕೈಗಾಡಿ ಅದರ ಬುಡದ ಮೇಲೆ ಹರಿದು ಹೋಯಿತು. ಬುಡ ಸೀಳು ಸೀಳಾಯಿತು. ನಗರಸಭೆಯ ಸಾಮಾನು ಹಾಳು ಮಾಡಿದ ಹಂಗಾಮಿ ನೌಕರನಿಗೆ ಮಾರನೆಯ ದಿನ ಕೆಲಸ ಇರುವುದಿಲ್ಲ. ಮದುವೆಯಾಗಿ ಆಗ ಮೂರು ತಿಂಗಳು.

ಮೇಷ್ಟ್ರು ಬಂದಾಗ ಹೊಟ್ಟೆನೋವು ಎಂದು ಸುಳ್ಳು ಹೇಳಿ ಕೋಲು ಹೊತ್ತುಕೊಂಡು ಮನೆಗೆ ಹೋದರು. ಹೆಂಡತಿಯ ಸೋದರಮಾವ ಬಡಗಿ. ಅವನಿಂದ ಗರಗಸ ತಂದು ಸೀಳಿದ ಎಂಟು ಇಂಚನ್ನು ಕೊಯ್ದು ಹಾಕಿದರು. ಕೊನೆಯ ಪಟ್ಟೆ ನಾಲ್ಕೇ ಇಂಚು ಉಳಿಯಿತು. ಕುರುಡನಿಗೂ ಗೊತ್ತಾಗುವಂತಿತ್ತು.

ಹೆಂಡತಿ ಗೊಂಬೆ ಕಾರ್ಖಾನೆಯಲ್ಲಿ ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದವಳು. ದಿನಕ್ಕೆ ಮುನ್ನೂರು ಜೊತೆ ಕಣ್ಣು, ಒಂದೂ ಮಾಲುಗಣ್ಣಾಗದ ಕೈ. ಅವಳು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಳೆಯ ಬಣ್ಣವನ್ನೆಲ್ಲ ಕೆರೆದಳು. ಕೋಲಿನುದ್ದಕ್ಕೆ ಒಂದು ದಾರ ಕತ್ತರಿಸಿ ಅದನ್ನು ಹತ್ತು ಸಮಪಾಲಾಗಿ ಮಡಚಿ ಗುರುತು ಹಾಕಿದಳು. ಸಂಜೆಯ ಹೊತ್ತಿಗೆ ಹತ್ತು ಹೊಸ ಪಟ್ಟೆ ಎದ್ದವು.

"ರೀ, ಎಣಿಸಿ ನೋಡಿ. ಹತ್ತಕ್ಕೆ ಹತ್ತು ಇದೆ" ಎಂದಳು.

"ಪಟ್ಟೆ ಹತ್ತಿದೆ, ಅಡಿ ಹತ್ತಿಲ್ವಲ್ಲೇ."

"ಎಣಿಸೋರು ಪಟ್ಟೆ ಎಣಿಸ್ತಾರೆ. ನಿಮ್ಮ ಮುಖ ಗೋಡೆ ಕಡೆ ಇರುತ್ತಲ್ಲ, ಸುಳ್ಳು ಅಲ್ಲೂ ಕಾಣಲ್ಲ. ಸುಮ್ನೆ ಊಟ ಮಾಡಿ."

ಮೇಷ್ಟ್ರಿಗೆ ಒಮ್ಮೆ ಮಾತ್ರ ಅನುಮಾನ ಬಂದಿತ್ತು. ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ, "ಏನಯ್ಯಾ, ನೀನು ಉದ್ದ ಆದ್ಯೋ, ಕೋಲು ಗಿಡ್ಡ ಆಯ್ತೋ?" ಎಂದಿದ್ದರು. "ಮದುವೆ ಆದ್ಮೇಲೆ ಮೈ ಬಿಡ್ತಾರಂತೆ, ಮೇಷ್ಟ್ರೇ" ಎಂದು ಕೋಲಣ್ಣ ಗೋಡೆಗೆ ಹೇಳಿದರು.

ಕೆಲಸ ಮುಗಿದ ಮೇಲೆ ಕಚೇರಿಯವರು ಕೋಲನ್ನು ಮೂಲೆಗೆ ಎಸೆದಿದ್ದರು. ಕೋಲಣ್ಣ ಕೇಳಿ ತಂದರು. ಬಟ್ಟೆ ಒಣಹಾಕಲು ಅದನ್ನು ವರಾಂಡದಲ್ಲಿ ಕಟ್ಟಿದ್ದು ಹೆಂಡತಿ. ನಂತರ ನೀರಿನ ಮೀಟರ್ ಓದುವ ಕಾಯಂ ಕೆಲಸ ಸಿಕ್ಕಿತು. ಮೂವತ್ತು ವರ್ಷ ಜನರ ಮನೆಯ ಹಿತ್ತಿಲಲ್ಲಿ ಬಗ್ಗಿ ಅಂಕಿ ಬರೆದುಕೊಂಡರು. ಮೇಷ್ಟ್ರು ತೀರಿಕೊಂಡರು, ಬಡಗಿ ಮಾವ ತೀರಿಕೊಂಡ. ಮಕ್ಕಳಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ ಹೆಂಡತಿಯೂ ಹೋದಳು. ಅವಳದೆಂದು ಒಂದು ಫೋಟೋ ಮನೆಯಲ್ಲಿಲ್ಲ. ಎರಡು ವರ್ಷ ಹಂಗಾಮಿಯಾಗಿ ಫೋಟೋ ಕೆಲಸದಲ್ಲೇ ಇದ್ದವರಿಗೆ ಒಂದು ತೆಗೆಸಿಕೊಳ್ಳಬೇಕೆಂದು ತೋಚಿರಲಿಲ್ಲ. ದಾಖಲೆ ಕೋಣೆಯ ಚಿತ್ರಗಳಲ್ಲಿ ನೂರ ಹದಿನೇಳರಿಂದ ಕೊನೆಯವರೆಗೆ, ತೊಂಬತ್ತೆಂಟು ಕಡೆ, ಅವಳು ಬರೆದ ಪಟ್ಟೆಗಳಿದ್ದವು. ಗುಮಾಸ್ತೆ ಅವುಗಳನ್ನು ಎಣಿಸಿ ಎತ್ತರ ಓದಿ ಹೇಳಿದಾಗಲೆಲ್ಲ ಕೋಲಣ್ಣ ತಲೆಯಾಡಿಸಿದ್ದರು.

ಈಗ ಹೇಳಿದರೆ ತೊಂಬತ್ತೆಂಟು ಚಿತ್ರವೂ ತಪ್ಪು ಎಂದಾಗುತ್ತಿತ್ತು. ತಪ್ಪು ಅವಳ ಕೈಯದೆಂದೂ ಆಗುತ್ತಿತ್ತು. ಎರಡು ವರ್ಷ ಪಕ್ಕದಲ್ಲಿ ಕೂತು ಸುಮ್ಮನಿದ್ದವನಿಗೆ ಇನ್ನು ಬುಧವಾರ ಕುರ್ಚಿ ಹಾಕುವರೋ ಇಲ್ಲವೋ ಗೊತ್ತಿರಲಿಲ್ಲ. ಹೇಳದಿದ್ದರೆ ಛತ್ರಿ ಅಂಗಡಿಯ ಬಾಗಿಲು ಗುಜರಿಗೆ.

ಗುರುವಾರ ಬೆಳಿಗ್ಗೆ ಅವರು ಟವೆಲು ತೆಗೆದರು, ಹಗ್ಗ ಬಿಚ್ಚಿದರು, ಕೋಲನ್ನು ಮೆಟ್ಟಿಲಿನಲ್ಲಿ ಓರೆ ಮಾಡಿ ಇಳಿಸಿದರು. ಬಸ್ಸಿನಲ್ಲಿ ಅದು ಹಿಡಿಸುವುದಿಲ್ಲ. ಹೆಗಲ ಮೇಲಿಟ್ಟುಕೊಂಡು ನಡೆದರು. ಮೂರು ಕಿಲೋಮೀಟರ್. ಅವರಿಗೀಗ ಎಪ್ಪತ್ತನಾಲ್ಕು.

"ಹಾವು ಎಲ್ಲಿ ಕಂಡಿತು, ಯಜಮಾನ್ರೇ?" ಎಂದು ಸೈಕಲ್ ಅಂಗಡಿಯವನು ಕೂಗಿದ.

"ನಮ್ಮನೇಲಿ ಜೇಡರ ಬಲೆ ಬಹಳ ಇದೆ, ಹಾಗೇ ಬಂದು ಹೋಗಿ" ಎಂದಳು ಮೂಲೆ ಮನೆಯ ಹೆಂಗಸು.

ಎರಡು ಕಡೆ ಕೋಲನ್ನು ಗೋಡೆಗೆ ಒರಗಿಸಿ ಕೂತು ಸುಧಾರಿಸಿಕೊಂಡರು. ಎರಡು ಸಲವೂ ಕೋಲಿನ ಮೇಲಿಂದ ಕೈ ತೆಗೆಯಲಿಲ್ಲ.

"ಇವತ್ತು ಗುರುವಾರ, ಕೋಲಣ್ಣ" ಎಂದಳು ಗುಮಾಸ್ತೆ. ಆಮೇಲೆ ಕೋಲು ನೋಡಿದಳು. "ಇದು... ಅದೇನಾ?"

"ಎಂಜಿನಿಯರನ್ನ ಕರೀರಿ. ಟೇಪು ತರೋಕೆ ಹೇಳಿ."

ಅವನು ಬರುವವರೆಗೆ ಅವರು ನಿಂತೇ ಇದ್ದರು. ಬಂದ ಮೇಲೆ ಕೈಗಾಡಿಯಿಂದ ಹಿಡಿದು ದಾರದವರೆಗೆ ಎಲ್ಲವನ್ನೂ ಹೇಳಿದರು. ಹೇಳುವಾಗ ಅವರ ಮುಖ ಕಪಾಟಿನ ಕಡೆಗಿತ್ತು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಗುಮಾಸ್ತೆ ಎದ್ದು ಬರಲಿಲ್ಲ. ಕೂತಲ್ಲೇ ಹೇಳಿದಳು: "ಎರಡು ವರ್ಷ ಕೋಲಣ್ಣ. ಪ್ರತಿ ಸಲ ಎತ್ತರ ಓದಿ ಹೇಳಿ, ಸರೀನಾ ಅಂತ ಕೇಳಿದೀನಿ. ಹೂಂ ಅಂದಿದೀರಿ."

"ಹೂಂ ಅಂದಿದೀನಿ, ತಾಯಿ."

ಎಂಜಿನಿಯರ್ ನೆಲದ ಮೇಲೆ ಕೂತು ಟೇಪು ಬಿಟ್ಟ. ಒಂಬತ್ತಡಿ ನಾಲ್ಕಿಂಚು. ಒಂದೊಂದು ಪಟ್ಟೆಯನ್ನೂ ಅಳೆದ. ಹನ್ನೊಂದು ಇಂಚಿನ ಮೇಲೆ ಚೂರು. ಎರಡನೆಯದೂ ಅಷ್ಟೇ. ಹತ್ತನೆಯದೂ ಅಷ್ಟೇ. ಫೋನಿನಲ್ಲಿ ಲೆಕ್ಕ ಹಾಕಿದ. ಏಳೂವರೆ ಪಟ್ಟೆ ಎಂದರೆ ಸರಿಯಾಗಿ ಏಳಡಿ. ಮುಂಭಾಗ ಇಪ್ಪತ್ತೆರಡೂವರೆ ಅಲ್ಲ, ಇಪ್ಪತ್ತೊಂದು.

"ಒಂದೂವರೆ ಅಡಿ ಎತ್ತರಕ್ಕೆ ಕಟ್ಟಿಬಿಡ್ತಿದ್ದೆ. ಪಕ್ಕದ ಮಾಡಿಗಿಂತ ಮೇಲೆ ಹೋಗಿ ಜಿರಾಫೆ ಹಾಗೆ ನಿಂತಿರೋದು" ಎಂದ. ಆಮೇಲೆ ಪಟ್ಟೆಗಳ ಮೇಲೆ ಬೆರಳಾಡಿಸಿದ. "ಇದನ್ನ ಬರೆದೋರು ಯಾರು? ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹೆಚ್ಚುಕಡಿಮೆ ಹಂಚಿದ್ದಿದ್ರೆ ಈ ಚಿತ್ರ ಯಾವುದೂ ಅಳತೆಗೆ ಬರ್ತಿರಲಿಲ್ಲ. ಸಮ ಹಂಚಿರೋದ್ರಿಂದ ಎಲ್ಲ ಸರಿ ಮಾಡಬಹುದು."

"ಮನೆಯವಳು" ಎಂದರು ಕೋಲಣ್ಣ.

ಎಂಜಿನಿಯರ್ ಗೋದಾಮಿಗೆ ಫೋನ್ ಮಾಡಿ ಬಾಗಿಲು ಮುಟ್ಟಬೇಡಿ ಎಂದ. ಗುಮಾಸ್ತೆ ಕೀಲಿಮಣೆ ಎಳೆದುಕೊಂಡು ಬರೆಯತೊಡಗಿದಳು: ಚಿತ್ರ 117ರಿಂದ 214, ಅಳತೆಕೋಲು ಎಂಟು ಇಂಚು ಕಡಿಮೆ, ಪಟ್ಟೆಗಳನ್ನು ಮತ್ತೆ ಬರೆದವರು—

"ಹೆಸರು ಹೇಳಿ" ಎಂದಳು, ತಿರುಗಿ ನೋಡದೆ.

ಅವರು ಹೇಳಿದರು. ಆ ಹೆಸರನ್ನು ಅವರು ಬಾಯಿಬಿಟ್ಟು ಹೇಳಿ ಹನ್ನೊಂದು ವರ್ಷವಾಗಿತ್ತು. ಅವಳು ಅಕ್ಷರ ಸರಿಯಿದೆಯೇ ಎಂದು ಕೇಳಿದಳು. ಅವರು ಕನ್ನಡಕ ಒರೆಸಿ, ಪರದೆಯ ಹತ್ತಿರ ಬಗ್ಗಿ ಓದಿ, ಸರಿಯಿದೆ ಎಂದರು. ಅವಳು ಒಂದು ಕ್ಷಣ ಅವರ ಮುಖ ನೋಡಿದಳು. ನೂರ ಹದಿನೇಳರಿಂದ ವಾರಕ್ಕೆ ಎರಡೇ ಚಿತ್ರ ಯಾಕಾಯಿತೆಂದು ಅವಳು ಮತ್ತೆ ಕೇಳಲಿಲ್ಲ.

ಆಗಲೇ ನೋಡಿ ಮುಗಿಸಿದ ಎಂಬತ್ತೊಂಬತ್ತು ಚಿತ್ರಗಳನ್ನು ಮತ್ತೆ ಒಂದೊಂದಾಗಿ ನೋಡಬೇಕಾಗುತ್ತದೆ, ಅದಕ್ಕೆ ವಾರಗಟ್ಟಲೆ ಬೇಕು ಎಂದು ಕೋಲಣ್ಣ ಅಂದುಕೊಂಡಿದ್ದರು. ಕಂಪ್ಯೂಟರ್ ಎಲ್ಲ ಎತ್ತರಗಳನ್ನೂ ಮಧ್ಯಾಹ್ನದ ಊಟದೊಳಗೆ ತಿದ್ದಿತು. ಕೋಲಿಗೆ ಒಂದು ಚೀಟಿ ಅಂಟಿಸಿ ದಾಖಲೆ ಕೋಣೆಯಲ್ಲೇ ಇಟ್ಟುಕೊಂಡರು. ಕೋಲಣ್ಣ ವಾಪಸ್ಸು ಬಸ್ಸಿನಲ್ಲಿ ಬಂದರು. ದಾರಿಯಲ್ಲಿ ನಾಲ್ಕು ಮೀಟರ್ ಪ್ಲಾಸ್ಟಿಕ್ ಹಗ್ಗ ಕೊಂಡು ವರಾಂಡದಲ್ಲಿ ಕಟ್ಟಿದರು. ಅಂಗಿ ಹಾಕಿದರೆ ಅದು ನಡುವೆ ಜೋಲುತ್ತದೆ.

ಛತ್ರಿ ಅಂಗಡಿಗೆ ಬಾಗಿಲು ಮುಂದಿನ ತಿಂಗಳು ಕೂರುತ್ತದೆ. ಗುರುತಿಸಲು ಉಳಿದಿರುವುದು ಒಂಬತ್ತು ಚಿತ್ರ. ಇನ್ನು ಮೇಲೆ ವಾರಕ್ಕೆ ಒಂದೇ ನೋಡೋಣ ಎಂದು ಗುಮಾಸ್ತೆಯೇ ಹೇಳಿದ್ದಾಳೆ. ಬರುವ ಬುಧವಾರ ಹತ್ತು ಗಂಟೆಗೆ ಇನ್ನೂರ ಆರನೆಯದು.